ಮೊದಲು ತಕ್ಕಡಿ, ಆಮೇಲೆ ಪ್ರೆಸ್

ಕೋವಿಯ ಒಂದು ತೋಟಾ ಅಂದರೆ ನಾಲ್ಕು ವಸ್ತುಗಳ ಜೋಡಣೆ: ಹಿತ್ತಾಳೆಯ ಕೇಸು, ಅದರ ಬುಡದಲ್ಲಿ ಕೂತ ಕೇಪು, ಒಳಗೆ ತುಂಬಿದ ಮದ್ದು, ಬಾಯಲ್ಲಿ ಬಿಗಿದ ಗುಂಡು. ಕುದುರೆ ಎಳೆದ ಕ್ಷಣದಲ್ಲಿ ಕೇಪು ಸಿಡಿಯುತ್ತದೆ, ಮದ್ದು ಉರಿದು ಅನಿಲವಾಗುತ್ತದೆ, ಗುಂಡು ನಳಿಗೆ ದಾಟಿ ಹೋಗುತ್ತದೆ. ಕೇಸು ಮಾತ್ರ ಉಳಿಯುತ್ತದೆ. ನಾಲ್ಕರಲ್ಲಿ ಸಾಮಾನ್ಯವಾಗಿ ಹೆಚ್ಚು ಬೆಲೆಯದ್ದೂ ಅದೇ. ಆ ಕೇಸನ್ನು ತೊಳೆದು, ಮತ್ತೆ ಅಳತೆಗೆ ತಂದು, ಹೊಸ ಕೇಪು, ಮದ್ದು, ಗುಂಡು ಕೂರಿಸಿದರೆ ಅದು ಹಲವು ಸಲ ಕೆಲಸಕ್ಕೆ ಬರುತ್ತದೆ. ಈ ಕೆಲಸಕ್ಕೆ ಅಮೆರಿಕದಲ್ಲಿ ರೀಲೋಡಿಂಗ್ ಎನ್ನುತ್ತಾರೆ.

ಅಲ್ಲಿ ಇದು ಮನೆಯ ಗ್ಯಾರೇಜಿನಲ್ಲೋ ನೆಲಮಾಳಿಗೆಯಲ್ಲೋ ನಡೆಯುವ ಹಳೆಯ ಹವ್ಯಾಸ. ಗುರಿ ಸ್ಪರ್ಧೆಗಳಲ್ಲಿ ಭಾಗವಹಿಸುವವರು ತಮ್ಮ ರೈಫಲ್ಲಿಗೇ ಒಗ್ಗುವ ತೋಟಾ ಬೇಕೆಂದು ಇದಕ್ಕೆ ಕೈಹಾಕುತ್ತಾರೆ. ಬೇಟೆಗಾರರು, ಅಂಗಡಿಯಲ್ಲಿ ತೋಟಾ ಸಿಗದ ಹಳೆಯ ಕೋವಿಗಳನ್ನು ಇಟ್ಟುಕೊಂಡವರು, ಖರ್ಚು ಉಳಿಸಬೇಕೆನ್ನುವವರು ಕೂಡ ಇದ್ದಾರೆ. ಅಲ್ಲಿ ಬೇರು ಬಿಟ್ಟ ಕನ್ನಡಿಗರಲ್ಲೂ ಶೂಟಿಂಗ್ ರೇಂಜಿನ ನಂಟು ಬೆಳೆಸಿಕೊಂಡವರಿದ್ದಾರೆ. ಅವರಿಗೂ, ಈ ಕಸುಬು ಹೇಗೆ ನಡೆಯುತ್ತದೆಂದು ತಿಳಿಯುವ ಆಸಕ್ತಿ ಇರುವ ಇಲ್ಲಿನ ಓದುಗರಿಗೂ ಈ ಬರಹ.

ಹೊಸಬರು ಮೊದಲು ಕೇಳುವುದು ಒಂದೇ ಪ್ರಶ್ನೆ: ಯಾವ ಪ್ರೆಸ್ ಕೊಳ್ಳಲಿ? ಪ್ರೆಸ್ ಎಂದರೆ ಸನ್ನೆಗೋಲು ಒತ್ತಿ ಕೇಸನ್ನು ಅಚ್ಚಿನೊಳಕ್ಕೆ ತಳ್ಳುವ ಯಂತ್ರ. ಅಂಗಡಿಯ ಕಪಾಟಿನಲ್ಲಿ ಎದ್ದು ಕಾಣುವುದೂ, ಜಾಹೀರಾತುಗಳಲ್ಲಿ ಗಂಟೆಗೆ ಇಷ್ಟು ನೂರು ತೋಟಾ ಎಂದು ಹೊಗಳಿಸಿಕೊಳ್ಳುವುದೂ ಅದೇ. ಆದರೆ ಆ ಪ್ರಶ್ನೆಯಿಂದ ಆರಂಭಿಸುವುದೇ ಸರಿಯಲ್ಲ ಎಂಬುದು ನನ್ನ ಖಚಿತ ಅಭಿಪ್ರಾಯ. ಮೊದಲ ಹಣ ಹೋಗಬೇಕಾದದ್ದು ಪುಸ್ತಕಕ್ಕೆ, ತಕ್ಕಡಿಗೆ, ಅಳತೆಯ ಉಪಕರಣಕ್ಕೆ. ಪ್ರೆಸ್ ಆಮೇಲೆ. ಅದೂ ನಿಧಾನದ್ದೇ ಇರಲಿ. ಏಕೆಂದು ಒಂದೊಂದಾಗಿ ನೋಡೋಣ.

ಕಾನೂನು ಮೊದಲು

ಅಮೆರಿಕದ ಒಕ್ಕೂಟ ಕಾನೂನಿನ ಪ್ರಕಾರ ಸ್ವಂತ ಬಳಕೆಗೆ ತೋಟಾ ತುಂಬಿಕೊಳ್ಳಲು ಪರವಾನಗಿ ಬೇಡ. ತುಂಬಿದ್ದನ್ನು ಮಾರುವ ವ್ಯವಹಾರಕ್ಕೆ ಇಳಿದರೆ ತಯಾರಕರ ಪರವಾನಗಿ ಬೇಕು. ರಾಜ್ಯ, ನಗರಗಳ ನಿಯಮ ಬೇರೆ ಬೇರೆ. ಬಾಡಿಗೆ ಮನೆಯ ಕರಾರು, ಮನೆಯ ವಿಮೆ ಏನು ಹೇಳುತ್ತದೆಂದೂ ನೋಡಿಕೊಳ್ಳಬೇಕು.

ನಮ್ಮವರು ಗಮನಿಸಲೇಬೇಕಾದ ಇನ್ನೊಂದು ಅಂಶವಿದೆ. ಎಚ್‌-1ಬಿ, ಎಲ್‌-1, ಎಫ್‌-1ರಂಥ ತಾತ್ಕಾಲಿಕ ವೀಸಾದ ಮೇಲೆ ಇರುವವರು ಕೋವಿಯನ್ನಾಗಲಿ ತೋಟಾವನ್ನಾಗಲಿ ಹೊಂದುವುದನ್ನು ಅಮೆರಿಕದ ಒಕ್ಕೂಟ ಕಾನೂನು ನಿಷೇಧಿಸುತ್ತದೆ. ಊರ್ಜಿತವಿರುವ ಬೇಟೆ ಪರವಾನಗಿ ಇದ್ದವರಿಗೆ ವಿನಾಯಿತಿ ಇದೆ. ಹಾಗೆಂದು ವಕೀಲರನ್ನು ಕೇಳದೆ ಆ ವಿನಾಯಿತಿಯನ್ನು ನಂಬಿ ಹೊರಡಬಾರದು. ಗ್ರೀನ್ ಕಾರ್ಡ್ ಪಡೆದವರಿಗೆ ಈ ನಿಷೇಧ ಅನ್ವಯಿಸುವುದಿಲ್ಲ. ಗೆಳೆಯರೊಬ್ಬರು ಕೊಟ್ಟ ತೋಟಾದ ಪೆಟ್ಟಿಗೆಯನ್ನು ಕಾರಿನಲ್ಲಿಟ್ಟುಕೊಂಡ ಮಾತ್ರಕ್ಕೆ ವೀಸಾವನ್ನೂ ಬದುಕನ್ನೂ ಪಣಕ್ಕಿಡುವ ಪರಿಸ್ಥಿತಿ ಯಾರಿಗೂ ಬರಬಾರದು.

ಭಾರತದಲ್ಲಂತೂ ಮಾತೇ ಬೇರೆ. 1959ರ ಶಸ್ತ್ರಾಸ್ತ್ರ ಕಾಯ್ದೆಯ 5ನೇ ಕಲಂ ಪ್ರಕಾರ ಪರವಾನಗಿ ಇಲ್ಲದೆ ಮದ್ದುಗುಂಡು ತಯಾರಿಸುವಂತಿಲ್ಲ. 2019ರ ತಿದ್ದುಪಡಿಯ ನಂತರ ಈ ಅಪರಾಧಕ್ಕೆ ಕನಿಷ್ಠ ಏಳು ವರ್ಷದಿಂದ ಜೀವಾವಧಿವರೆಗೆ ಸೆರೆವಾಸ ಇದೆ. ಅದೇ ಕಾಯ್ದೆಯ ವ್ಯಾಖ್ಯೆಯಲ್ಲಿ ತೋಟಾದ ಬಿಡಿಭಾಗಗಳೂ, ತೋಟಾ ತಯಾರಿಸುವ ಯಂತ್ರವೂ ಮದ್ದುಗುಂಡಿನ ಲೆಕ್ಕಕ್ಕೇ ಸೇರುತ್ತವೆ. ಅಂದರೆ ಈ ಬರಹದಲ್ಲಿ ಬರುವ ಉಪಕರಣಗಳನ್ನು ಅಮೆರಿಕದಿಂದ ಸೂಟ್‌ಕೇಸಿನಲ್ಲಿ ಹಾಕಿಕೊಂಡು ಬರುವ ಯೋಚನೆಯನ್ನೂ ಮಾಡಬಾರದು. ಕೊಡವರಿಗೂ ಕೊಡಗಿನ ಜಮ್ಮಾ ಹಿಡುವಳಿದಾರರಿಗೂ ಕೋವಿ ಪರವಾನಗಿಯಿಂದ ಬ್ರಿಟಿಷರ ಕಾಲದಿಂದ ಇರುವ ವಿನಾಯಿತಿಯನ್ನು ಕೇಂದ್ರ ಸರ್ಕಾರ 2029ರವರೆಗೆ ಮುಂದುವರಿಸಿದೆ. ಅದು ಕೋವಿ ಇಟ್ಟುಕೊಳ್ಳುವುದಕ್ಕೆ, ಒಯ್ಯುವುದಕ್ಕೆ ಸಂಬಂಧಪಟ್ಟದ್ದು. ತೋಟಾ ತಯಾರಿಕೆಯ ಅನುಮತಿ ಅಲ್ಲ.

ಕೇಸಿನೊಳಗೆ ನಡೆಯುವುದೇನು

ಉಪಕರಣಗಳ ಪಟ್ಟಿ ಅರ್ಥವಾಗಬೇಕಾದರೆ ಕೆಲಸದ ಹಂತಗಳು ತಿಳಿದಿರಬೇಕು. ತೋಟಾ ಸಿಡಿದಾಗ ಒಳಗಿನ ಒತ್ತಡಕ್ಕೆ ಹಿತ್ತಾಳೆ ಹಿಗ್ಗಿ ಕೋವಿಯ ಕೋಣೆಯ, ಅಂದರೆ ತೋಟಾ ಕೂರುವ ಜಾಗದ, ಗೋಡೆಗೆ ಅಂಟುತ್ತದೆ. ಅನಿಲ ಹಿಂದಕ್ಕೆ, ಹೊಡೆಯುವವನ ಮುಖದ ಕಡೆಗೆ ನುಗ್ಗದಂತೆ ತಡೆಯುವುದು ಈ ಹಿಗ್ಗುವಿಕೆಯೇ. ಆಮೇಲೆ ಹಿತ್ತಾಳೆ ಕೊಂಚ ಕುಗ್ಗಿ ಹೊರಬರುತ್ತದೆ. ಮೊದಲಿನ ಅಳತೆಗೆ ಮಾತ್ರ ಮರಳುವುದಿಲ್ಲ.

ಹಾಗಾಗಿ ಕೇಸನ್ನು ಮೊದಲು ಶುಚಿ ಮಾಡಿ, ಬಿರುಕು ಇದೆಯೇ ಎಂದು ಪರೀಕ್ಷಿಸಬೇಕು. ಉಕ್ಕಿನ ಡೈಯೊಳಕ್ಕೆ, ಅಂದರೆ ಅಚ್ಚಿನೊಳಕ್ಕೆ ಒತ್ತಿ ಅಳತೆಗೆ ತರಬೇಕು. ಅದೇ ಒತ್ತಿನಲ್ಲಿ ಡೈಯ ನಡುವಿನ ಸೂಜಿ ಹಳೆಯ ಕೇಪನ್ನು ಹೊರದೂಡುತ್ತದೆ. ಉದ್ದ ಬೆಳೆದಿದ್ದರೆ ಕತ್ತರಿಸಬೇಕು. ಹೊಸ ಕೇಪು ಕೂರಿಸಬೇಕು. ಮದ್ದು ತೂಗಿ ಹಾಕಬೇಕು. ಗುಂಡನ್ನು ನಿಗದಿತ ಆಳಕ್ಕೆ ಇಳಿಸಬೇಕು. ಬೇಕಾದಲ್ಲಿ ಬಾಯಿಯನ್ನು ಬಿಗಿಗೊಳಿಸಬೇಕು.

ಈ ಒತ್ತಡ ಎಷ್ಟಿರುತ್ತದೆ? ಅಮೆರಿಕದಲ್ಲಿ ತೋಟಾಗಳ ಅಳತೆ, ಒತ್ತಡಗಳ ಮಿತಿಯನ್ನು ಗೊತ್ತುಮಾಡುವುದು 1926ರಲ್ಲಿ ಹುಟ್ಟಿದ ತಯಾರಕರ ಸಂಸ್ಥೆ ಸಾಮಿ (SAAMI). ಅದರ ಪ್ರಕಾರ .38 ಸ್ಪೆಷಲ್ ಎಂಬ ರಿವಾಲ್ವರ್ ತೋಟಾದ ಗರಿಷ್ಠ ಒತ್ತಡ ಚದರ ಅಂಗುಲಕ್ಕೆ 17,000 ಪೌಂಡ್, 9 ಮಿಲಿಮೀಟರ್ ಪಿಸ್ತೂಲಿನದು 35,000, .308 ವಿಂಚೆಸ್ಟರ್ ರೈಫಲ್ಲಿನದು 62,000. ರೈಫಲ್ಲಿನಲ್ಲಿ ಹೊಡೆಯುವವನ ಕೆನ್ನೆಯಿಂದ ಗೇಣಿನಷ್ಟು ದೂರದಲ್ಲೇ ಈ ಒತ್ತಡ ಹುಟ್ಟುತ್ತದೆ. ಅದನ್ನು ಮಿತಿಯಲ್ಲಿಡುವುದು ಮದ್ದಿನ ಜಾತಿ, ಮದ್ದಿನ ತೂಕ, ಗುಂಡಿನ ತೂಕ, ಗುಂಡು ಕೂತ ಆಳ. ಇವೆಲ್ಲ ಅಳೆಯುವ ಸಂಗತಿಗಳು. ಪ್ರೆಸ್ಸಿನ ವೇಗಕ್ಕೂ ಇವಕ್ಕೂ ಸಂಬಂಧವಿಲ್ಲ.

ಪುಸ್ತಕ ಮತ್ತು ತಕ್ಕಡಿ

ಆದ್ದರಿಂದ ಮೊದಲ ಖರೀದಿ ಲೋಡಿಂಗ್ ಮ್ಯಾನ್ಯುವಲ್. ಲೈಮನ್, ಹಾರ್ನಡಿ, ಸ್ಪೀರ್, ಸಿಯೆರಾ ಮುಂತಾದ ಕಂಪನಿಗಳು ಇವನ್ನು ಪ್ರಕಟಿಸುತ್ತವೆ. ಪರೀಕ್ಷಾ ನಳಿಗೆಗಳಲ್ಲಿ ಹೊಡೆದು ನೋಡಿ ಸಿದ್ಧಪಡಿಸಿದ ಕೋಷ್ಟಕಗಳು ಇವುಗಳಲ್ಲಿರುತ್ತವೆ. ಪ್ರತಿ ತೋಟಾಗೂ, ಪ್ರತಿ ಗುಂಡಿಗೂ, ಪ್ರತಿ ಮದ್ದಿಗೂ ಆರಂಭದ ಪ್ರಮಾಣ ಒಂದು, ಗರಿಷ್ಠ ಪ್ರಮಾಣ ಒಂದು. ಹೊಸಬರು ಆರಂಭದ ಪ್ರಮಾಣದಿಂದಲೇ ಹೊರಡಬೇಕು. ಗರಿಷ್ಠಕ್ಕೆ ನೇರವಾಗಿ ಹೋಗುವುದು ಪ್ರಮಾದ.

ಒಂದಲ್ಲ, ಎರಡು ಮ್ಯಾನ್ಯುವಲ್ ಕೊಳ್ಳಿ. ಒಂದೇ ತೋಟಾದ ಅಂಕಿಗಳು ಎರಡರಲ್ಲಿ ಸ್ವಲ್ಪ ಬೇರೆ ಇರುತ್ತವೆ, ಏಕೆಂದರೆ ಪರೀಕ್ಷೆ ಮಾಡಿದ ನಳಿಗೆ, ಕೇಸು, ಕೇಪು, ಗುಂಡು ಬೇರೆ. ಆ ವ್ಯತ್ಯಾಸ ನೋಡುತ್ತ ಹೋದಂತೆ, ಒಂದು ವಸ್ತು ಬದಲಾದರೆ ಲೆಕ್ಕವೆಲ್ಲ ಬದಲಾಗುತ್ತದೆ ಎಂಬುದು ಮನಸ್ಸಿಗೆ ನಾಟುತ್ತದೆ. ಕೋಷ್ಟಕದ ಹಿಂದಿನ ಪುಟಗಳಲ್ಲಿ ಕೆಲಸದ ವಿಧಾನವನ್ನು ಚಿತ್ರಸಹಿತ ವಿವರಿಸಿರುತ್ತಾರೆ. ಯಂತ್ರಕ್ಕೆ ಹಣ ಕೊಡುವ ಮುನ್ನ ಅಷ್ಟನ್ನೂ ಓದಿ ಮುಗಿಸಬೇಕು. ರೇಂಜಿನಲ್ಲಿ ಪಕ್ಕದವರು ಬಾಯಿಮಾತಲ್ಲಿ ಹೇಳಿದ ಪ್ರಮಾಣವನ್ನು ಎಷ್ಟೇ ಅನುಭವಸ್ಥರದ್ದಾದರೂ ಹಾಗೇ ಬಳಸಬಾರದು. ಅವರ ಕೋವಿ ಬೇರೆ, ನಿಮ್ಮದು ಬೇರೆ.

ಎರಡನೆಯದು ತಕ್ಕಡಿ. ಈ ಕಸುಬಿನಲ್ಲಿ ಮದ್ದನ್ನು ತೂಗುವ ಮಾನ ಗ್ರೇನ್. 7,000 ಗ್ರೇನ್ ಸೇರಿದರೆ ಒಂದು ಪೌಂಡ್. ಒಂದು ಗ್ರಾಮಿಗೆ ಹದಿನೈದೂವರೆಗೆ ತುಸು ಕಡಿಮೆ ಗ್ರೇನ್. ನಮ್ಮ ಅಕ್ಕಸಾಲಿಗರು ಚಿನ್ನ ತೂಗುತ್ತಿದ್ದ ಒಂದು ಗುಲಗಂಜಿಯ ತೂಕ ಸುಮಾರು ಎರಡು ಗ್ರೇನ್. ರೀಲೋಡಿಂಗ್ ತಕ್ಕಡಿ ಒಂದು ಗ್ರೇನಿನ ಹತ್ತನೇ ಒಂದು ಭಾಗವನ್ನು ತೋರಿಸಬೇಕು, ಅಂದರೆ ಗುಲಗಂಜಿಯ ಇಪ್ಪತ್ತನೇ ಒಂದು ಪಾಲು. ಚಿಕ್ಕ ಪಿಸ್ತೂಲ್ ತೋಟಾದಲ್ಲಿ ಒಟ್ಟು ಮದ್ದೇ ನಾಲ್ಕೈದು ಗ್ರೇನ್ ಇರುವುದುಂಟು. ಅಲ್ಲಿ ಅರ್ಧ ಗ್ರೇನ್ ತಪ್ಪಿದರೆ ನೂರಕ್ಕೆ ಹತ್ತರಷ್ಟು ತಪ್ಪಿದಂತೆ. ಆರಂಭದ ಪ್ರಮಾಣಕ್ಕೂ ಗರಿಷ್ಠ ಪ್ರಮಾಣಕ್ಕೂ ಇರುವ ಅಂತರವೇ ಹಲವೆಡೆ ಅಷ್ಟು.

ತಕ್ಕಡಿಯಲ್ಲಿ ಎರಡು ಬಗೆ. ದಂಡದ ತಕ್ಕಡಿಯ ಗುರುತಿನ ಮೇಲೆ ಬಟ್ಟು ಸರಿಸಿ ತೂಗುವುದು ಹಳೆಯ ಕ್ರಮ. ಬ್ಯಾಟರಿ ಬೇಡ, ವಿದ್ಯುತ್ ಬೇಡ, ದಶಕಗಳ ಕಾಲ ಬಾಳುತ್ತದೆ. ಆದರೆ ನಿಧಾನ. ಡಿಜಿಟಲ್ ತಕ್ಕಡಿ ಚುರುಕು. ಆದರೆ ಫ್ಯಾನಿನ ಗಾಳಿ, ಹತ್ತಿರದ ಮೊಬೈಲ್, ಟ್ಯೂಬ್‌ಲೈಟು, ಕೋಣೆಯ ತಾಪದ ಏರಿಳಿತಕ್ಕೆ ಅದರ ಅಂಕಿ ಅಲುಗಾಡುವುದುಂಟು. ಯಾವುದನ್ನೇ ಕೊಂಡರೂ ಜೊತೆಗೆ ಪರೀಕ್ಷಾ ತೂಕದ ಬಟ್ಟುಗಳನ್ನು ಕೊಳ್ಳಿ. ಪ್ರತಿ ಸಲ ಕೂರುವಾಗ ಮೊದಲು ಆ ಬಟ್ಟುಗಳನ್ನಿಟ್ಟು ತಕ್ಕಡಿಯನ್ನೇ ಪರೀಕ್ಷಿಸಿ. ಹೊಸಬರಿಗೆ ನನ್ನ ಆಯ್ಕೆ ದಂಡದ ತಕ್ಕಡಿ. ಅದು ಕಲಿಸುವ ತಾಳ್ಮೆ ಮುಂದೆ ಎಲ್ಲ ಹಂತಕ್ಕೂ ಬೇಕಾಗುತ್ತದೆ.

ಮೂರನೆಯದು ಕ್ಯಾಲಿಪರ್. ಅಂಗುಲದ ಸಾವಿರದ ಒಂದು ಭಾಗ ತೋರಿಸುವ ಸಾಧಾರಣ ಕ್ಯಾಲಿಪರ್ ಸಾಕು. ಕೇಸಿನ ಉದ್ದ, ಗುಂಡು ಕೂರಿಸಿದ ಮೇಲೆ ತೋಟಾದ ಒಟ್ಟು ಉದ್ದ ಎರಡನ್ನೂ ಅಳೆಯಬೇಕು. ರೈಫಲ್ ಕೇಸು ಪ್ರತಿ ಸಲ ಹೊಡೆದು ಅಚ್ಚಿಗೆ ಹಾಕಿದಾಗ ಕೂದಲೆಳೆಯಷ್ಟು ಉದ್ದ ಬೆಳೆಯುತ್ತದೆ. .308 ವಿಂಚೆಸ್ಟರ್ ಕೇಸಿನ ಗರಿಷ್ಠ ಉದ್ದ 2.015 ಅಂಗುಲ. ಅದನ್ನು ಮೀರಿದರೆ ಕೇಸಿನ ಬಾಯಿ ಕೋವಿಯ ಕೋಣೆಯ ತುದಿಗೆ ಒತ್ತಿಕೊಂಡು ಗುಂಡನ್ನು ಹಿಡಿದುಬಿಡುತ್ತದೆ, ಒತ್ತಡ ಏರುತ್ತದೆ. ಹಾಗಾಗಿ ಬೆಳೆದ ಕೇಸನ್ನು ಟ್ರಿಮ್ಮರ್‌ನಿಂದ 2.005 ಅಂಗುಲಕ್ಕೆ ಕತ್ತರಿಸುತ್ತಾರೆ. ಕತ್ತರಿಸಿದ ಬಾಯಿಯ ಒಳಗೂ ಹೊರಗೂ ಇರುವ ಚೂಪನ್ನು ಚಿಕ್ಕ ಕೈ ಉಪಕರಣದಿಂದ ಕೆರೆದು ತೆಗೆಯುತ್ತಾರೆ.

ಯಾವ ಪ್ರೆಸ್?

ಇನ್ನು ಪ್ರೆಸ್. ಮುಖ್ಯವಾಗಿ ಮೂರು ಜಾತಿ. ಸಿಂಗಲ್ ಸ್ಟೇಜ್ ಪ್ರೆಸ್ಸಿನಲ್ಲಿ ಒಂದು ಸಲಕ್ಕೆ ಒಂದೇ ಡೈ, ಒಂದೇ ಕೆಲಸ. ಐವತ್ತು ಕೇಸನ್ನೂ ಅಳತೆಗೆ ತಂದು ಮುಗಿಸಿ, ಡೈ ಬದಲಿಸಿ, ಮುಂದಿನ ಕೆಲಸಕ್ಕೆ ಹೋಗಬೇಕು. ಹೊಸಬರಿಗೆ ಗಂಟೆಗೆ ಐವತ್ತು ತೋಟಾ ಆದರೆ ಹೆಚ್ಚು. ಟರೆಟ್ ಪ್ರೆಸ್ಸಿನಲ್ಲಿ ತಿರುಗುವ ತಲೆಯ ಮೇಲೆ ಮೂರ್ನಾಲ್ಕು ಡೈಗಳು ಕೂತಿರುತ್ತವೆ. ತಲೆ ತಿರುಗಿಸಿದರೆ ಮುಂದಿನ ಡೈ ಸಿದ್ಧ. ಪ್ರೋಗ್ರೆಸಿವ್ ಪ್ರೆಸ್ಸಿನಲ್ಲಿ ನಾಲ್ಕೈದು ಕೇಸುಗಳು ಏಕಕಾಲಕ್ಕೆ ಬೇರೆ ಬೇರೆ ಹಂತದಲ್ಲಿರುತ್ತವೆ. ಸನ್ನೆಯನ್ನು ಒಮ್ಮೆ ಎಳೆದರೆ ಒಂದು ತೋಟಾ ಪೂರ್ತಿಯಾಗಿ ಹೊರಬೀಳುತ್ತದೆ. ಗಂಟೆಗೆ ನಾಲ್ಕೈದು ನೂರು ಸುಲಭ.

ಸ್ಪರ್ಧೆಗೆಂದು ವಾರವಾರವೂ ನೂರಾರು ಪಿಸ್ತೂಲ್ ತೋಟಾ ಖರ್ಚು ಮಾಡುವವರಿಗೆ ಪ್ರೋಗ್ರೆಸಿವ್ ಬೇಕೇ ಬೇಕು. ಅರಿಜೋನಾದ ಡಿಲ್ಲನ್ ಕಂಪನಿ ಅಂಥವರಿಂದಲೇ ಹೆಸರು ಮಾಡಿದೆ. ಆದರೆ ಹೊಸಬರಿಗೆ ಅದು ಬೇಡ. ಐದು ಕೆಲಸ ಒಟ್ಟಿಗೆ ನಡೆಯುವಾಗ ಯಾವ ಕೆಲಸ ಎಲ್ಲಿ ತಪ್ಪಿತೆಂದು ಅನುಭವವಿಲ್ಲದ ಕಣ್ಣಿಗೆ ಕಾಣುವುದಿಲ್ಲ. ಸನ್ನೆ ಅರ್ಧಕ್ಕೆ ಸಿಕ್ಕಿಕೊಂಡು, ಅದನ್ನು ಬಿಡಿಸಿ ಮತ್ತೆ ಎಳೆದರೆ ಒಂದು ಕೇಸಿಗೆ ಎರಡು ಸಲ ಮದ್ದು ಬಿದ್ದಿರಬಹುದು, ಇನ್ನೊಂದಕ್ಕೆ ಬೀಳದೇ ಇರಬಹುದು.

ಈ ಎರಡು ತಪ್ಪುಗಳೇ ಈ ಕಸುಬಿನ ದೊಡ್ಡ ಅಪಾಯ. ಎರಡು ಪಾಲು ಮದ್ದು ಬಿದ್ದ ತೋಟಾ ಕೋವಿಯನ್ನೇ ಒಡೆಯಬಲ್ಲದು. ಮದ್ದೇ ಇಲ್ಲದ ತೋಟಾ ಮೇಲ್ನೋಟಕ್ಕೆ ನಿರುಪದ್ರವಿ. ಆದರೆ ಕೇಪಿನ ಬಲಕ್ಕೆ ಗುಂಡು ನಳಿಗೆಯೊಳಗೆ ಒಂದಿಷ್ಟು ದೂರ ಹೋಗಿ ಅಲ್ಲೇ ಸಿಕ್ಕಿಕೊಳ್ಳುತ್ತದೆ. ಸದ್ದು ಸಣ್ಣದಾಯಿತೆಂದು ತಲೆಕೆಡಿಸಿಕೊಳ್ಳದೆ ಮುಂದಿನ ತೋಟಾ ಹೊಡೆದರೆ ನಳಿಗೆ ಉಬ್ಬುತ್ತದೆ ಇಲ್ಲವೇ ಸೀಳುತ್ತದೆ.

ಸಿಂಗಲ್ ಸ್ಟೇಜ್ ಪ್ರೆಸ್ಸಿನಲ್ಲಿ ಈ ತಪ್ಪು ಹಿಡಿಯಲು ಸಹಜವಾದ ದಾರಿ ಇದೆ. ಐವತ್ತು ಕುಳಿಗಳ ಲೋಡಿಂಗ್ ಬ್ಲಾಕಿನಲ್ಲಿ ಕೇಸುಗಳನ್ನು ಸಾಲಾಗಿ ನಿಲ್ಲಿಸಿ, ಮದ್ದು ಹಾಕಿ ಮುಗಿದ ಮೇಲೆ, ಗುಂಡು ಕೂರಿಸುವ ಮುನ್ನ ಟಾರ್ಚ್ ಹಿಡಿದು ಪ್ರತಿ ಕೇಸಿನೊಳಗೂ ನೋಡಬಹುದು. ಐವತ್ತರಲ್ಲಿ ಒಂದರ ಮಟ್ಟ ಮೇಲಿದ್ದರೂ ಕೆಳಗಿದ್ದರೂ ಕಣ್ಣಿಗೆ ಹೊಡೆಯುತ್ತದೆ. ಕೆಲವು ಡಾಲರಿನ ಈ ಬ್ಲಾಕು ಉಪಕರಣಗಳ ಪೆಟ್ಟಿಗೆಯಲ್ಲಿರುವ ಅತಿ ಮುಖ್ಯ ಸುರಕ್ಷಾ ಸಾಧನ. ಜೊತೆಗೆ, ಕೇಸಿನ ಅರ್ಧಕ್ಕಿಂತ ಹೆಚ್ಚು ತುಂಬುವಂಥ ಮದ್ದನ್ನೇ ಮ್ಯಾನ್ಯುವಲ್ಲಿನಿಂದ ಆರಿಸಿಕೊಂಡರೆ ಎರಡನೇ ಸಲ ಹಾಕಿದ್ದು ಹೊರಚೆಲ್ಲಿ ತಾನೇ ತಿಳಿಸುತ್ತದೆ. .38 ಸ್ಪೆಷಲ್‌ನಂಥ ದೊಡ್ಡ ಹೊಟ್ಟೆಯ ಕೇಸಿಗೆ ಚುರುಕಾಗಿ ಉರಿಯುವ ಮದ್ದು ಬಳಸಿದರೆ ಎರಡು ಪಾಲು ಬಿದ್ದರೂ ಒಳಗೆ ಜಾಗ ಉಳಿದಿರುತ್ತದೆ. ಕಲಿಯಲು ಸುಲಭವೆನಿಸುವ ಆ ತೋಟಾದಲ್ಲಿ ಈ ಎಚ್ಚರ ಇನ್ನೂ ಹೆಚ್ಚು ಬೇಕು.

ಇನ್ನೊಂದು ಸಂಗತಿ ಹಣದ್ದು. ಎರಕದ ಕಬ್ಬಿಣದ ಸಿಂಗಲ್ ಸ್ಟೇಜ್ ಪ್ರೆಸ್ ಸವೆಯುವುದು ಬಲು ನಿಧಾನ. ಮುಂದೆ ಪ್ರೋಗ್ರೆಸಿವ್ ಕೊಂಡರೂ ಬಿಡಿ ಕೆಲಸಗಳಿಗೆ ಇದು ಮೇಜಿನ ಮೇಲೆ ಉಳಿಯುತ್ತದೆ. ಕ್ಯಾಲಿಫೋರ್ನಿಯಾದ ಓರೋವಿಲ್‌ನಲ್ಲಿ ಫ್ರೆಡ್ ಹಂಟಿಂಗ್‌ಟನ್ 1943ರಲ್ಲಿ ಆರಂಭಿಸಿದ ಆರ್‌ಸಿಬಿಎಸ್ ಕಂಪನಿಯ ರಾಕ್ ಚಕರ್ ಪ್ರೆಸ್ ಈ ಜಾತಿಯಲ್ಲಿ ಮನೆಮಾತು. ರೆಡ್ಡಿಂಗ್, ಲೈಮನ್, ಹಾರ್ನಡಿ ಪ್ರೆಸ್ಸುಗಳೂ ಗಟ್ಟಿ. ವಿಸ್ಕಾನ್ಸಿನ್‌ನ ಲೀ ಪ್ರಿಸಿಷನ್ ಕಂಪನಿಯದು ಅಗ್ಗ. ಅದರ ಸ್ಥಾಪಕ ರಿಚರ್ಡ್ ಲೀ 1958ರಲ್ಲಿ ಪ್ರೆಸ್ಸೇ ಇಲ್ಲದೆ ಸುತ್ತಿಗೆಯ ಪೆಟ್ಟಿನಿಂದ ತೋಟಾ ತುಂಬುವ ಚಿಕ್ಕ ಸಾಧನ ಹೊರತಂದು ಬಡವರ ಮನೆಗೂ ಈ ಹವ್ಯಾಸವನ್ನು ತಲುಪಿಸಿದ. ಎರಡನೇ ಮಹಾಯುದ್ಧದ ನಂತರ ಸರ್ಕಾರದ ಬಳಿ ಉಳಿದ ಮದ್ದನ್ನು ಸಗಟಾಗಿ ಕೊಂಡು ಹವ್ಯಾಸಿಗಳಿಗೆ ಅಗ್ಗದಲ್ಲಿ ಮಾರಿದ ಕನ್ಸಾಸಿನ ಬ್ರೂಸ್ ಹಾಜ್‌ಡನ್ ಕೂಡ ಇಂಥ ಇನ್ನೊಬ್ಬ. ಈ ಹವ್ಯಾಸ ಸಾಮಾನ್ಯರ ಕೈಗೆ ಬಂದದ್ದು ಇಂಥವರಿಂದ.

ಈಗ ಪ್ರೆಸ್, ತಕ್ಕಡಿ, ಮದ್ದಿನ ಅಳತೆ ಸಾಧನ, ಕೇಪು ಕೂರಿಸುವ ಕೈ ಉಪಕರಣ, ಫನೆಲ್, ಬ್ಲಾಕು ಎಲ್ಲ ಸೇರಿದ ಕಿಟ್‌ಗಳು ಕಂಪನಿಯನ್ನು ಅವಲಂಬಿಸಿ ಸುಮಾರು 200ರಿಂದ 500 ಡಾಲರಿಗೆ ಸಿಗುತ್ತವೆ. ಬಿಡಿಬಿಡಿಯಾಗಿ ಕೊಳ್ಳುವುದಕ್ಕಿಂತ ಇದು ಅಗ್ಗ. ಆದರೆ ಕಿಟ್ಟಿನಲ್ಲಿ ಡೈಗಳು, ಕ್ಯಾಲಿಪರ್, ಗುಂಡು ಕೀಳುವ ಸುತ್ತಿಗೆ ಸಾಮಾನ್ಯವಾಗಿ ಇರುವುದಿಲ್ಲ. ಟ್ರಿಮ್ಮರ್ ಕೂಡ ಹಲವೆಡೆ ಇರುವುದಿಲ್ಲ. ಲೆಕ್ಕ ಹಾಕುವಾಗ ಅವನ್ನೂ ಸೇರಿಸಿ.

ಡೈ ಮತ್ತು ಉಳಿದದ್ದು

ಡೈಗಳನ್ನು ಕೋವಿಯ ತೋಟಾಗೆ ತಕ್ಕಂತೆ ಕೊಳ್ಳಬೇಕು. ಬಹುತೇಕ ಕಂಪನಿಗಳ ಡೈಗಳಿಗೆ ಒಂದೇ ಅಳತೆಯ ತಿರುಪಿನ ಮರೆ ಇರುವುದರಿಂದ ಒಬ್ಬರ ಡೈ ಇನ್ನೊಬ್ಬರ ಪ್ರೆಸ್ಸಿಗೆ ಕೂರುತ್ತದೆ. ನೇರ ಗೋಡೆಯ ಪಿಸ್ತೂಲ್, ರಿವಾಲ್ವರ್ ಕೇಸುಗಳಿಗೆ ಕಾರ್ಬೈಡ್ ಡೈ ತೆಗೆದುಕೊಳ್ಳಿ. ಬೆಲೆ ಕೊಂಚ ಹೆಚ್ಚಾದರೂ ಕೇಸಿಗೆ ಜಿಡ್ಡು ಸವರುವ, ಆಮೇಲೆ ಒರೆಸುವ ಕೆಲಸ ತಪ್ಪುತ್ತದೆ. ಕತ್ತು ಸಣ್ಣಗಾಗುವ ರೈಫಲ್ ಕೇಸುಗಳಿಗೆ ಜಿಡ್ಡು ಬೇಕೇ ಬೇಕು. ಸವರದೆ ಒತ್ತಿದರೆ ಕೇಸು ಡೈಯಲ್ಲಿ ಕಚ್ಚಿಕೊಳ್ಳುತ್ತದೆ, ಎಳೆದರೆ ಅಂಚು ಹರಿದು ಬರುತ್ತದೆ.

ಕೇಪು ಕೂರಿಸಲು ಪ್ರೆಸ್ಸಿನಲ್ಲೇ ವ್ಯವಸ್ಥೆ ಇರುತ್ತದೆ. ಆದರೂ ಕೈಯಲ್ಲಿ ಹಿಡಿದು ಹಿಸುಕುವ ಸಾಧನ ಮೇಲು. ಕೇಪು ತಳ ಮುಟ್ಟಿತೇ ಇಲ್ಲವೇ ಎಂಬುದು ಬೆರಳಿಗೆ ಗೊತ್ತಾಗುತ್ತದೆ. ಕುಳಿ ಸಡಿಲಾಗಿ ಕೇಪು ಸಲೀಸಾಗಿ ಜಾರಿದರೆ ಆ ಕೇಸಿನ ಆಯುಷ್ಯ ಮುಗಿಯಿತೆಂದು ಅರ್ಥ. ಕೇಪು ಬುಡದ ಮಟ್ಟಕ್ಕಿಂತ ಮೇಲೆ ಉಳಿಯಬಾರದು.

ಕೇಸು ಆರಿಸುವಾಗ ಒಳಕ್ಕೆ ಇಣುಕಿ ತಳದಲ್ಲಿ ನಡುವೆ ಒಂದೇ ತೂತು ಇದೆಯೇ ನೋಡಿ. ಅದು ಬಾಕ್ಸರ್ ಕೇಪಿನ ಕೇಸು, ಮತ್ತೆ ತುಂಬಲು ಬರುತ್ತದೆ. ಎರಡು ಸಣ್ಣ ತೂತು ಇದ್ದರೆ ಅದು ಬರ್ಡನ್ ಜಾತಿ. ಸಾಮಾನ್ಯ ಡೈಯ ಸೂಜಿ ಅದರಲ್ಲಿ ಮುರಿಯುತ್ತದೆ. ಉಕ್ಕಿನ, ಅಲ್ಯೂಮಿನಿಯಮ್ಮಿನ ಕೇಸುಗಳನ್ನೂ ಹೊಸಬರು ಬಿಟ್ಟುಬಿಡಬೇಕು. ಹಿತ್ತಾಳೆ ಕೇಸಿನ ಬುಡದ ಬಳಿ ಸುತ್ತಲೂ ಹೊಳೆಯುವ ಗೆರೆ ಕಂಡರೆ ಅಲ್ಲಿ ಗೋಡೆ ತೆಳುವಾಗಿ ತುಂಡಾಗಲು ಬಂದಿದೆ ಎಂದು ತಿಳಿದು ಎಸೆಯಬೇಕು. ಐವತ್ತು ಸೆಂಟು ಉಳಿಸಲು ಹೋಗಿ ಕಣ್ಣು ಕಳೆದುಕೊಳ್ಳುವುದು ಯಾವ ಲೆಕ್ಕ?

ಗುಂಡು ಕೀಳುವ ಸುತ್ತಿಗೆಯನ್ನು ಮೊದಲ ದಿನವೇ ಕೊಳ್ಳಿ. ತುಂಬಿದ ತೋಟಾದ ಬಗ್ಗೆ ಎಳ್ಳಷ್ಟು ಅನುಮಾನ ಬಂದರೂ ಬಿಚ್ಚಿ ನೋಡಲು ಅದು ಬೇಕು. ಕೈಯಲ್ಲಿ ಸಾಧನ ಇದ್ದರೆ ಬಿಚ್ಚಿ ನೋಡುತ್ತಾರೆ. ಇಲ್ಲದಿದ್ದರೆ ಆದದ್ದಾಗಲಿ ಎಂದು ಹೊಡೆಯುತ್ತಾರೆ.

ಕೇಸು ಶುಚಿ ಮಾಡುವ ಟಂಬ್ಲರ್, ತಾನೇ ಮದ್ದು ತೂಗಿ ಸುರಿಯುವ ಯಂತ್ರ, ವಿದ್ಯುತ್ ಟ್ರಿಮ್ಮರ್ ಇವೆಲ್ಲ ಆಮೇಲೆ ಕೊಂಡರಾಯಿತು. ಆರಂಭಕ್ಕೆ ಕೇಸನ್ನು ತೊಳೆದು ಚೆನ್ನಾಗಿ ಒಣಗಿಸಿದರೆ ಸಾಕು. ಹೊಳಪು ಬರಬೇಕೆಂದೇನೂ ಇಲ್ಲ. ಬಳಸಿದ ಸಾಮಾನಿನ ಮಾರಾಟದಲ್ಲಿ ಪ್ರೆಸ್, ಡೈ, ಟ್ರಿಮ್ಮರ್ ಸಿಕ್ಕರೆ ಧಾರಾಳವಾಗಿ ಕೊಳ್ಳಬಹುದು. ಆದರೆ ಮುಚ್ಚಳ ತೆರೆದ ಮದ್ದಿನ ಡಬ್ಬಿ, ಬಿಡಿ ಕೇಪು, ಯಾರೋ ತುಂಬಿಟ್ಟ ತೋಟಾ ಪುಕ್ಕಟೆ ಕೊಟ್ಟರೂ ಬೇಡ. ಡಬ್ಬಿಯ ಮೇಲಿನ ಹೆಸರಿನ ಮದ್ದೇ ಒಳಗಿದೆ ಎಂಬುದಕ್ಕೆ ಯಾವ ಖಾತರಿಯೂ ಇಲ್ಲ.

ಮೇಜು, ಮನೆ, ಮಕ್ಕಳು

ಮೇಜು ಗಟ್ಟಿ ಇರಬೇಕು, ಗೋಡೆಗೆ ಬಿಗಿದಿದ್ದರೆ ಒಳ್ಳೆಯದು. ಬೆಳಕು ಧಾರಾಳ ಇರಬೇಕು. ಮೇಜಿನ ಮೇಲೆ ಒಂದು ಹೊತ್ತಿಗೆ ಒಂದೇ ಮದ್ದಿನ ಡಬ್ಬಿ. ಕೆಲಸ ಮುಗಿದ ತಕ್ಷಣ ಉಳಿದ ಮದ್ದು ಅದೇ ಡಬ್ಬಿಗೆ ವಾಪಸು. ಹೆಸರಿಲ್ಲದ ಮದ್ದು ಅಳತೆ ಸಾಧನದಲ್ಲಿ ಉಳಿದಿದ್ದರೆ ಅದನ್ನು ಊಹಿಸಿ ಬಳಸಬಾರದು. ಟೀವಿ, ಫೋನು, ಹರಟೆ, ಮದ್ಯ ಯಾವುದೂ ಹತ್ತಿರ ಬರಬಾರದು. ಕಣ್ಣಿಗೆ ಸುರಕ್ಷಾ ಕನ್ನಡಕ ಕಡ್ಡಾಯ. ತುಂಬಿದ ಪ್ರತಿ ಪೆಟ್ಟಿಗೆಯ ಮೇಲೆ ದಿನಾಂಕ, ಮದ್ದಿನ ಹೆಸರು ಮತ್ತು ತೂಕ, ಗುಂಡಿನ ತೂಕ, ಕೇಪಿನ ಜಾತಿ ಬರೆದಿಡಬೇಕು.

ಕೇಪಿನ ಮಿಶ್ರಣದಲ್ಲಿ ಸೀಸದ ಸಂಯುಕ್ತ ಇರುತ್ತದೆ. ಹೊಡೆದ ಕೇಸಿನ ಮಸಿಯಲ್ಲಿ, ಟಂಬ್ಲರಿನ ದೂಳಿನಲ್ಲಿ ಅದು ಉಳಿಯುತ್ತದೆ. ಮೇಜಿನ ಬಳಿ ತಿನ್ನಬಾರದು, ಕುಡಿಯಬಾರದು, ಸೇದಬಾರದು. ಎದ್ದ ಕೂಡಲೇ ಸಾಬೂನಿನಿಂದ ಕೈ ತೊಳೆಯಬೇಕು. ಚಿಕ್ಕ ಮಕ್ಕಳೂ ಗರ್ಭಿಣಿಯರೂ ಇರುವ ಮನೆಯಲ್ಲಿ ಅಡುಗೆಮನೆಯ ಮೇಜು, ಸಿಂಕು ಈ ಕೆಲಸಕ್ಕೆ ಸಲ್ಲದು. ಸೀಸ ಮಕ್ಕಳ ಮಿದುಳಿಗೆ ವಿಷ. ಈ ವಿಷಯದಲ್ಲಿ ರಿಯಾಯಿತಿ ಇಲ್ಲ.

ಈ ತೋಟಾಗಳಿಗೆ ಬಳಸುವ ಹೊಗೆರಹಿತ ಮದ್ದು ಬಯಲಲ್ಲಿ ಧಗ್ಗನೆ ಉರಿಯುತ್ತದೆ. ಬಿಗಿಯಾಗಿ ಮುಚ್ಚಿದ ಉಕ್ಕಿನ ಪೆಟ್ಟಿಗೆಯಲ್ಲಿ ಬೆಂಕಿ ತಗುಲಿದರೆ ಬಾಂಬಿನಂತೆ ಸಿಡಿಯಬಹುದು. ಆದ್ದರಿಂದ ಅದನ್ನು ಕೋವಿಯ ಉಕ್ಕಿನ ತಿಜೋರಿಯಲ್ಲಿ ಇಡಬಾರದು. ಕಂಪನಿಯ ಮೂಲ ಡಬ್ಬಿಯಲ್ಲೇ, ತಂಪಾದ ಒಣ ಜಾಗದಲ್ಲಿ, ಬೀಗವಿರುವ ಮರದ ಕಪಾಟಿನಲ್ಲಿ ಇಡಬೇಕು. ಅಮೆರಿಕದ ರಾಷ್ಟ್ರೀಯ ಅಗ್ನಿ ಸುರಕ್ಷಾ ಸಂಘದ ಸಂಹಿತೆ ಮನೆಯಲ್ಲಿ ಮೂಲ ಡಬ್ಬಿಗಳಲ್ಲಿ 20 ಪೌಂಡ್ ಮದ್ದಿನವರೆಗೆ, 10,000 ಕೇಪಿನವರೆಗೆ ಒಪ್ಪುತ್ತದೆ. ಹೊಸಬರಿಗೆ ಒಂದೆರಡು ಪೌಂಡೇ ಬಹಳ. ಕೇಪನ್ನು ಅದರ ತಟ್ಟೆಯಿಂದ ತೆಗೆದು ಸೀಸೆಯಲ್ಲಿ ಸುರಿದಿಡುವುದು ಅತ್ಯಂತ ಅಪಾಯಕರ. ಒಂದು ಸಿಡಿದರೆ ಎಲ್ಲವೂ ಸಿಡಿಯುತ್ತವೆ.

ಉಳಿತಾಯ ಆಗುತ್ತದೆಯೇ?

ಸಾಮಾನ್ಯ 9 ಮಿಲಿಮೀಟರ್ ತೋಟಾ ಕಾರ್ಖಾನೆಯಿಂದಲೇ ಅಗ್ಗಕ್ಕೆ ಬರುವ ಕಾಲದಲ್ಲಿ ಮನೆಯಲ್ಲಿ ತುಂಬಿ ಉಳಿಯುವುದು ಅಷ್ಟರಲ್ಲೇ ಇದೆ. ಸ್ಪರ್ಧೆಯ ಗುಣಮಟ್ಟದ ರೈಫಲ್ ತೋಟಾ, ಅಪರೂಪದ ಹಳೆಯ ತೋಟಾಗಳಲ್ಲಿ ಉಳಿತಾಯ ನಿಜವಾಗಿ ಕಾಣುತ್ತದೆ. 2020ರಲ್ಲಿ ಕೋವಿಡ್ ಕಾಲದ ಕೊಳ್ಳುವ ಭರಾಟೆಯಲ್ಲಿ ತೋಟಾದ ಜೊತೆ ಕೇಪುಗಳೂ ಅಂಗಡಿಗಳಿಂದ ಮಾಯವಾಗಿ ಬೆಲೆ ಹಲವು ಪಟ್ಟು ಏರಿತು. ರೀಲೋಡಿಂಗ್ ಮಾಡಿದರೆ ಅಭಾವವೇ ಬಾಧಿಸದು ಎಂಬ ನಂಬಿಕೆ ಆಗ ಸುಳ್ಳಾಯಿತು. ಬರೀ ಹಣಕ್ಕಾಗಿ ಇದಕ್ಕೆ ಇಳಿಯುವವರು ಬೇಗ ಅವಸರಕ್ಕೆ ಬೀಳುತ್ತಾರೆ. ಅವಸರವಿರುವವರಿಗೆ ಇದು ಒಗ್ಗುವ ಕೆಲಸವಲ್ಲ. ಪ್ರತಿ ತೋಟಾವನ್ನೂ ತನ್ನ ಕೈಯಾರೆ ಅಳೆದು ಮಾಡುವುದರಲ್ಲಿ ಸಂತೋಷ ಕಾಣುವವರಿಗೆ ಮಾತ್ರ ಇದು.

ಅಂಥವರು ಕಾನೂನು ಅನುಮತಿಸುವ ನೆಲದಲ್ಲಿದ್ದರೆ ಖರೀದಿಯ ಕ್ರಮ ಹೀಗಿರಲಿ: ಎರಡು ಮ್ಯಾನ್ಯುವಲ್, ತಕ್ಕಡಿ ಮತ್ತು ಪರೀಕ್ಷಾ ಬಟ್ಟು, ಕ್ಯಾಲಿಪರ್, ಕನ್ನಡಕ, ಲೋಡಿಂಗ್ ಬ್ಲಾಕು, ಗುಂಡು ಕೀಳುವ ಸುತ್ತಿಗೆ, ಆಮೇಲೆ ಒಂದು ಗಟ್ಟಿ ಸಿಂಗಲ್ ಸ್ಟೇಜ್ ಪ್ರೆಸ್ ಮತ್ತು ಒಂದೇ ತೋಟಾದ ಡೈ. ಮೊದಲ ತೋಟಾಗಳನ್ನು ಅನುಭವಿಯೊಬ್ಬರ ಪಕ್ಕದಲ್ಲಿ ಕೂತು ತುಂಬಿ. ಆ ತೋಟಾ ಸಿಡಿಯುವುದು ನಿಮ್ಮದೇ ಮುಖದ ಬಳಿ. ಆದ್ದರಿಂದ ವೇಗದ ಯಂತ್ರಕ್ಕೆ ಎತ್ತಿಟ್ಟ ಹಣವನ್ನು ಮೊದಲು ತೂಗುವ, ಅಳೆಯುವ, ನೋಡುವ ಸಾಧನಗಳಿಗೆ ಖರ್ಚು ಮಾಡಿ.